ತಿರುಗುವಾಗ ಜಾರುವ ಮಂಡಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಮೂಳೆ ವೈದ್ಯನೊಬ್ಬ ಧ್ವನಿವಾಹಕದ ಮುಂದೆ ಕುಳಿತನೆಂದರೆ ಅವನು ಏನು ಹೇಳಿಯಾನು ಎಂಬುದನ್ನು ಕೇಳುವವರು ಮೊದಲೇ ಊಹಿಸಿಬಿಟ್ಟಿರುತ್ತಾರೆ. ವಯಸ್ಸಾದವರ ಕೀಲುನೋವು, ಸೊಂಟದ ಹಿಡಿತ, ಬಚ್ಚಲಲ್ಲಿ ಜಾರಿ ಬಿದ್ದವರ ತೊಡೆಯ ಮೂಳೆ, ಇವೇ ನಮ್ಮ ಕಸುಬಿನ ನಿತ್ಯದ ಮಾತುಗಳು. ಇಂದು ಅವನ್ನು ಬದಿಗಿಟ್ಟು ಬೇರೊಂದು ತೊಂದರೆಯ ವಿಷಯ ಹೇಳಬೇಕೆಂದಿದ್ದೇನೆ. ಇದರಲ್ಲಿ ನೋವು ಅಷ್ಟಾಗಿ ಇಲ್ಲ, ಇರುವುದು ಅಪನಂಬಿಕೆ. ತನ್ನದೇ ಕಾಲನ್ನು ತಾನು ನಂಬಲಾಗದ ಸ್ಥಿತಿ. ನೇರವಾಗಿ ನಡೆಯುವಾಗ, ಮೆಟ್ಟಿಲೇರುವಾಗ, ಸೈಕಲ್ಲು ತುಳಿಯುವಾಗ ಮಂಡಿ ಸೊಗಸಾಗಿ ನಡೆದುಕೊಳ್ಳುತ್ತದೆ. ಓಡುತ್ತ ಓಡುತ್ತ ಸಟ್ಟನೆ ಪಕ್ಕಕ್ಕೆ ಸರಿದರೆ, ಹಿಂದಿನಿಂದ ಯಾರೋ ಕರೆದರೆಂದು ಊರಿದ ಕಾಲಿನ ಮೇಲೆಯೇ ಹೊರಳಿದರೆ, ಒಳಗೆ ಏನೋ ಜಾರಿ ಮನುಷ್ಯ ಕುಸಿಯುತ್ತಾನೆ. ಎದ್ದು ನೋಡಿಕೊಂಡರೆ ಏನೂ ಆಗಿರುವುದಿಲ್ಲ. ವೈದ್ಯಶಾಸ್ತ್ರ ಇದನ್ನು ಮಂಡಿಯ ತಿರುಗು ಅಸ್ಥಿರತೆ ಎಂಬರ್ಥದ ಹೆಸರಿನಿಂದ ಕರೆಯುತ್ತದೆ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಾನು ಇದನ್ನು ಸರಿಯಾಗಿ ಕಲಿತದ್ದು ನನ್ನ ಒಂದು ತಪ್ಪಿನಿಂದ. ಆ ತಪ್ಪಿನ ಬೆಲೆ ತೆತ್ತವರು ಮಾತ್ರ ಇನ್ನೊಬ್ಬರು.

1984ರ ಮೇ ತಿಂಗಳು. ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಕಾಲ. ಇಪ್ಪತ್ತನಾಲ್ಕು ವರ್ಷದ ಕಲಾವಿದರೊಬ್ಬರು ನನ್ನಲ್ಲಿಗೆ ಬಂದರು. ತೆಂಕುತಿಟ್ಟಿನ ಪುಂಡುವೇಷದವರು, ಅಭಿಮನ್ಯು, ಬಬ್ರುವಾಹನ ಮುಂತಾದ ತರುಣವೀರರ ಪಾತ್ರಗಳು ಅವರವು. ಆ ವೇಷಗಳಲ್ಲಿ ದಿಗಿಣವೆಂಬುದೊಂದು ಉಂಟು. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ನೆಲದಿಂದ ನೆಗೆದು ಗಾಳಿಯಲ್ಲಿಯೇ ಮೈಯನ್ನು ಸುತ್ತಿಸಿ ಇಳಿದು, ಇಳಿದ ಕಾಲಿನಿಂದಲೇ ಮತ್ತೆ ನೆಗೆಯುವ ಕುಣಿತ. ಒಂದರ ಹಿಂದೆ ಒಂದರಂತೆ ಹತ್ತಾರು ದಿಗಿಣಗಳು ಬೀಳುತ್ತಿದ್ದರೆ ನಿದ್ದೆಗಣ್ಣಿನ ಪ್ರೇಕ್ಷಕನೂ ಎದ್ದು ಕೂರುತ್ತಾನೆ. ಫೆಬ್ರವರಿಯ ಒಂದು ರಾತ್ರಿ ಹೀಗೆ ಇಳಿಯುವಾಗ ಅವರ ಬಲಗಾಲಿನ ಪಾದ ನೆಲ ಕಚ್ಚಿತು, ಮೈ ಮಾತ್ರ ತಿರುಗುತ್ತಲೇ ಇತ್ತು. ಮಂಡಿಯೊಳಗೆ ‘ಟಪ್’ ಎಂದ ಸದ್ದು ಚೆಂಡೆಯ ಅಬ್ಬರದ ನಡುವೆಯೂ ತಮಗೆ ಕೇಳಿಸಿತೆಂದು ಅವರು ಹೇಳಿದರು. ಚೌಕಿಗೆ ಹೋಗಿ ಗೆಜ್ಜೆ ಬಿಚ್ಚುವಷ್ಟರಲ್ಲಿ ಮಂಡಿ ತೆಂಗಿನಕಾಯಿಯಷ್ಟು ಊದಿತ್ತಂತೆ. ಎಣ್ಣೆ ತಿಕ್ಕಿಸಿ, ಪಟ್ಟಿ ಕಟ್ಟಿಸಿ, ಮೂರು ವಾರ ಮಲಗಿದ ಮೇಲೆ ಊತ ಇಳಿಯಿತು.

ನಾನು ಕ್ಷಕಿರಣದ ಚಿತ್ರ ತೆಗೆಸಿದೆ. ಮೂಳೆಗಳು ಚೆನ್ನಾಗಿದ್ದವು. ಮಲಗಿಸಿ, ಮಂಡಿಯನ್ನು ಲಂಬಕೋನಕ್ಕೆ ಮಡಿಸಿ, ಪಾದದ ಮೇಲೆ ಕುಳಿತು, ಕಾಲನ್ನು ಎರಡೂ ಕೈಗಳಿಂದ ನನ್ನ ಕಡೆಗೆ ಎಳೆದು ನೋಡಿದೆ. ಮೇಜಿನ ಡ್ರಾಯರು ಎಳೆಯುವಂಥ ಪರೀಕ್ಷೆ. ನಮ್ಮ ಗುರುಗಳು ಕಲಿಸಿದ್ದು ಅದನ್ನೇ. ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಕಾಣಲಿಲ್ಲ. “ಮೂಳೆ ಮುರಿದಿಲ್ಲ, ನರಗಿರ ಏನೂ ಹರಿದಿಲ್ಲ, ವ್ಯಾಯಾಮ ಮಾಡಿ, ಮುಂದಿನ ತಿರುಗಾಟಕ್ಕೆ ಧಾರಾಳವಾಗಿ ಹೊರಡಿ” ಎಂದೆ. ಅವರು ಒಪ್ಪಲಿಲ್ಲ. “ಡಾಕ್ಟ್ರೇ, ಎದುರಿಗೆ ನಡೆಯುವಾಗ ಏನೂ ಇಲ್ಲ. ತಿರುಗುವಾಗ ಮಾತ್ರ ಒಳಗೆ ಏನೋ ಜಾರಿ, ಮತ್ತೆ ಕೂತ ಹಾಗೆ ಆಗ್ತದೆ” ಎಂದರು. ನಾನು ಚೀಟಿಯಲ್ಲಿ ‘ಉಳುಕು’ ಎಂದು ಬರೆದೆ.

ಅವರ ಆ ಒಂದು ವಾಕ್ಯದಲ್ಲಿ ರೋಗನಿದಾನ ಪೂರ್ತಿಯಾಗಿ ಇತ್ತು. ಜಾರುವುದು, ಮತ್ತೆ ಕೂರುವುದು, ಅದೂ ತಿರುಗುವಾಗ ಮಾತ್ರ. ಇದಕ್ಕಿಂತ ನಿಖರವಾಗಿ ನಮ್ಮ ಗ್ರಂಥಗಳೂ ಹೇಳಿಲ್ಲ. ಅದು ನನಗೆ ಏಕೆ ಕೇಳಿಸಲಿಲ್ಲ ಎಂಬುದನ್ನು ವಿವರಿಸಬೇಕಾದರೆ ಮಂಡಿಯ ರಚನೆಯನ್ನು ಸ್ವಲ್ಪ ನೋಡಬೇಕು.

ಮಂಡಿಯನ್ನು ಬಾಗಿಲ ತಿರುಗಣಿಗೆ ಹೋಲಿಸುವ ರೂಢಿ ಇದೆ. ಮಡಿಸುತ್ತೇವೆ, ಚಾಚುತ್ತೇವೆ, ಅಷ್ಟೇ ಎಂಬ ಭಾವನೆ. ನೀವು ಕುರ್ಚಿಯ ಮೇಲೆ ಕುಳಿತು ಕೇಳುತ್ತಿದ್ದರೆ ಈಗಲೇ ಒಂದು ಪರೀಕ್ಷೆ ಮಾಡಬಹುದು. ಮಂಡಿಯನ್ನು ಮಡಿಸಿ, ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿಟ್ಟು, ತೊಡೆಯನ್ನು ಅಲುಗಿಸದೆ, ಹೆಬ್ಬೆರಳನ್ನು ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ತಿರುಗಿಸಿ. ಮಂಡಿಯ ಕೆಳಗೆ ಕೈಯಿಟ್ಟು ನೋಡಿದರೆ ಕಣಕಾಲಿನ ಮೂಳೆ ತಿರುಗುವುದು ಬೆರಳಿಗೆ ತಿಳಿಯುತ್ತದೆ. ಈಗ ಕಾಲನ್ನು ಪೂರ್ತಿ ಚಾಚಿ ಅದೇ ರೀತಿ ಮಾಡಿ. ತಿರುಗುವುದು ಸೊಂಟದಿಂದ ಕೆಳಗಿನ ಇಡೀ ಕಾಲು, ಮಂಡಿ ಬಿಗಿದುಕೊಂಡಿರುತ್ತದೆ. ಚಾಚುವ ಕೊನೆಯ ಹಂತದಲ್ಲಿ ಕಣಕಾಲಿನ ಮೂಳೆ ತನ್ನಷ್ಟಕ್ಕೆ ತುಸು ಹೊರಕ್ಕೆ ಹೊರಳಿ ತಿರುಪಿನ ಮೊಳೆಯಂತೆ ಬಿಗಿಯಾಗುತ್ತದೆ. ಮಡಿಸತೊಡಗಿದಾಗ ಮಂಡಿಯ ಹಿಂದಿರುವ ಒಂದು ಪುಟ್ಟ ಸ್ನಾಯು ಆ ಬೀಗವನ್ನು ತೆರೆಯುತ್ತದೆ. ಗಂಟೆಗಟ್ಟಲೆ ನಿಂತು ಮಾತಾಡಬಲ್ಲೆವಾದರೆ ಈ ಬೀಗಕ್ಕೂ ಅದರಲ್ಲಿ ಪಾಲುಂಟು.

ಹೀಗೆ ತಿರುಗಬೇಕಾದಲ್ಲಿ ತಿರುಗಿ, ತಿರುಗಬಾರದಲ್ಲಿ ನಿಲ್ಲುವಂತೆ ಮಂಡಿಯನ್ನು ಕಾಯುವುದು ಮೂಳೆಗಳ ಆಕಾರವಲ್ಲ. ಮೂಳೆಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ತೊಡೆಯೆಲುಬಿನ ತುದಿಯಲ್ಲಿ ಎರಡು ಗುಂಡುಗಳು. ಕಣಕಾಲಿನ ಮೂಳೆಯ ತಲೆ ಬಹುಮಟ್ಟಿಗೆ ಚಪ್ಪಟೆ. ಒಳಬದಿಯಲ್ಲಿ ಅದು ತಟ್ಟೆಯಂತೆ ಒಂದಿಷ್ಟು ತಗ್ಗಾಗಿದೆ, ಗುಂಡು ಅದರಲ್ಲಿ ಕೂರುತ್ತದೆ. ಹೊರಬದಿಯಲ್ಲಿ ಆ ತಗ್ಗೂ ಇಲ್ಲ. ಬೋಗುಣಿಯನ್ನು ಕವುಚಿಟ್ಟಂತೆ ಉಬ್ಬಿಕೊಂಡಿದೆ. ಉಬ್ಬಿನ ಮೇಲೆ ಉಬ್ಬು ನಿಂತಿದೆ. ಜಾರದಿರುವುದೇ ಸೋಜಿಗ. ನಡುವೆ ಎರಡು ಅರ್ಧಚಂದ್ರಾಕಾರದ ಮೃದ್ವಸ್ಥಿಗಳು ಒತ್ತುಗಟ್ಟೆಗಳಂತೆ ಸೇರಿಕೊಂಡಿವೆ. ಉಳಿದ ಹೊಣೆಯೆಲ್ಲ ಕಟ್ಟುನಾರುಗಳದು. ಲಿಗಮೆಂಟು ಎಂದು ಈಗ ಎಲ್ಲರ ಬಾಯಲ್ಲೂ ಇರುವ ಮಾತು ಇದಕ್ಕೇ. ಒಳಬದಿಗೊಂದು, ಹೊರಬದಿಗೊಂದು, ಕೀಲಿನ ನಟ್ಟನಡುವೆ ಒಂದನ್ನೊಂದು ಕತ್ತರಿಯ ಅಲಗುಗಳಂತೆ ಅಡ್ಡಹಾಯುವ ಎರಡು. ಈ ಕತ್ತರಿನಾರುಗಳನ್ನು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಬಲ್ಲವನಾಗಿದ್ದ. 1836ರಲ್ಲಿ ಜರ್ಮನಿಯ ವೇಬರ್ ಸೋದರರು ಮನುಷ್ಯನ ನಡಿಗೆಯ ಯಂತ್ರಶಾಸ್ತ್ರವನ್ನು ಕುರಿತು ಬರೆದ ಗ್ರಂಥದಲ್ಲಿ ಇವುಗಳ ಕೆಲಸವನ್ನು ಪರಿಶೀಲಿಸಿದರು.

ಕಥಾನಾಯಕನ ಸ್ಥಾನ ಮುಂದಿನ ಕತ್ತರಿನಾರಿಗೆ ಸಲ್ಲುತ್ತದೆ. ಆಟಗಾರರು ಎ.ಸಿ.ಎಲ್. ಎನ್ನುವುದು ಇದನ್ನು. ಉದ್ದ ಸುಮಾರು 3 ಸೆಂಟಿಮೀಟರು, ಅಗಲ ಒಂದು. ಕಿರುಬೆರಳಿನ ಅರ್ಧದಷ್ಟೂ ಇಲ್ಲ. ತೊಡೆಯೆಲುಬಿನ ಹೊರಗುಂಡಿನ ಒಳಗೋಡೆಯಲ್ಲಿ ಹುಟ್ಟಿ, ಓರೆಯಾಗಿ ಕೆಳಕ್ಕೂ ಮುಂದಕ್ಕೂ ಒಳಕ್ಕೂ ಇಳಿದು, ಕಣಕಾಲಿನ ಮೂಳೆಯ ತಲೆಯ ಮೇಲೆ ನಡುವಿಗೆ ಮುಂದಾಗಿ ನೆಲೆಯೂರುತ್ತದೆ. ತರುಣರ ನಾರು ಹರಿಯಬೇಕಾದರೆ ಎರಡು ಕ್ವಿಂಟಲಿಗೂ ಮಿಕ್ಕ ತೂಕದ ಎಳೆತ ಬೇಕೆಂದು ಪ್ರಯೋಗಗಳಲ್ಲಿ ಕಂಡಿದೆ. ಕಣಕಾಲು ಮುಂದಕ್ಕೆ ಜಾರದಂತೆ ತಡೆಯುವುದು ಇದರ ಒಂದು ಕೆಲಸ. ಅದು ಎಲ್ಲ ವೈದ್ಯರಿಗೂ ಗೊತ್ತಿತ್ತು. ನಾನು ಡ್ರಾಯರಿನಂತೆ ಎಳೆದು ನೋಡಿದ್ದು ಅದನ್ನೇ. ಓರೆಯಾಗಿ ಇಳಿಯುವ ಈ ನಾರು ಒಳಮುಖ ತಿರುಗುವಿಕೆಗೂ ಲಗಾಮು ಹಾಕುತ್ತದೆಂಬ ಇನ್ನೊಂದು ಕೆಲಸದ ಮಹತ್ವ ತಿಳಿಯಲು ಬಹುಕಾಲ ಹಿಡಿಯಿತು.

ನಮ್ಮ ಮನೆಗಳಲ್ಲಿ ಹಿಂದೆ ಇದ್ದ ಬೀಸುಗಲ್ಲನ್ನು ನೆನಪಿಸಿಕೊಳ್ಳಿ. ಕೆಳಗಿನ ಕಲ್ಲಿನ ನಡುವೆ ಗೂಟ. ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಗೂಟ ನಡುವೆ ಇರುವವರೆಗೆ ಕಲ್ಲು ಸಮವಾಗಿ ಸುತ್ತುತ್ತದೆ. ಗೂಟ ಸಡಿಲವಾಗಿ ಒಂದು ಅಂಚಿಗೆ ಸರಿದರೆ? ಎದುರಿನ ಅಂಚು ದೊಡ್ಡ ಸುತ್ತು ಹಾಕಿ ಕಲ್ಲಿನಿಂದಾಚೆಗೆ ಹೊರಚಾಚುತ್ತದೆ. ಮುಂದಿನ ಕತ್ತರಿನಾರು ಹರಿದ ಮಂಡಿಯಲ್ಲಿ ಆಗುವುದು ಇದೇ. ತಿರುಗುವ ಅಕ್ಷ ನಡುವಿನಿಂದ ಒಳಬದಿಗೆ ಸರಿಯುತ್ತದೆ. ಹೊರಬದಿ, ಮೊದಲೇ ಉಬ್ಬಿನ ಮೇಲೆ ಉಬ್ಬು ನಿಂತ ಆ ಬದಿ, ಸರಕ್ಕನೆ ಮುಂದಕ್ಕೆ ಜಾರುತ್ತದೆ. ಮಂಡಿ ಇನ್ನಷ್ಟು ಮಡಿದಾಗ ತೊಡೆಯ ಹೊರಬದಿಯಿಂದ ಇಳಿದುಬರುವ ಅಗಲವಾದ ನಾರುಪಟ್ಟಿ ಅಕ್ಷದ ಹಿಂದಕ್ಕೆ ಸರಿದು, ಜಾರಿದ ಮೂಳೆಯನ್ನು ಎಳೆದು ಮೊದಲಿನ ಜಾಗಕ್ಕೆ ಕೂರಿಸುತ್ತದೆ. ಒಂದು ಜಾರು, ಒಂದು ಕೂರು. ಕಲಾವಿದರು ಹೇಳಿದ್ದನ್ನು ಮತ್ತೆ ಓದಿದಂತೆ ಆಗುತ್ತಿದೆಯಲ್ಲವೆ?

ನನ್ನ ಪರೀಕ್ಷೆ ಏಕೆ ಸುಳ್ಳಾಯಿತೆಂಬುದೂ ಇದರಿಂದ ತಿಳಿಯುತ್ತದೆ. ಲಂಬಕೋನಕ್ಕೆ ಮಡಿಸಿದ ಮಂಡಿಯಲ್ಲಿ ತೊಡೆಯ ಹಿಂದಿನ ಸ್ನಾಯುಗಳು ಬಿಗಿದು ನಿಂತರೆ ಸಾಕು, ಕಾಲು ಮುಂದಕ್ಕೆ ಬರುವುದಿಲ್ಲ. ಒಳಬದಿಯ ಅರ್ಧಚಂದ್ರದ ಹಿಂಗೊಂಬು ಬಾಗಿಲಿಗೆ ಇಟ್ಟ ಬೆಣೆಯಂತೆ ತಡೆಯುತ್ತದೆ. ಈ ದೋಷವನ್ನು ತಿದ್ದುವ ಇನ್ನೊಂದು ಪರೀಕ್ಷೆಯನ್ನು ಅಮೆರಿಕದ ಫಿಲಡೆಲ್ಫಿಯಾದ ಜೋಸೆಫ್ ಟಾರ್ಗ್ 1976ರಲ್ಲಿ ಪ್ರಕಟಿಸಿ, ತಮ್ಮ ಗುರು ಜಾನ್ ಲ್ಯಾಕ್‌ಮನ್ನರ ಹೆಸರನ್ನು ಅದಕ್ಕೆ ಇಟ್ಟಿದ್ದರು. ಮಂಡಿಯನ್ನು ಇಪ್ಪತ್ತು ಮೂವತ್ತು ಡಿಗ್ರಿಯಷ್ಟೇ ಮಡಿಸಿ ಎಳೆಯುವುದು, ಅಷ್ಟೇ ವ್ಯತ್ಯಾಸ. ಅದಕ್ಕೂ ಮೊದಲೇ, 1968ರಲ್ಲಿ, ಆರೆಗಾನಿನ ಸ್ಲೋಕಮ್ ಮತ್ತು ಲಾರ್ಸನ್ ಪಾದವನ್ನು ಒಮ್ಮೆ ಹೊರಕ್ಕೆ, ಒಮ್ಮೆ ಒಳಕ್ಕೆ ತಿರುಗಿಸಿಟ್ಟು ಎಳೆದು ನೋಡಿ, ಮಂಡಿ ನೇರವಾಗಿ ಮಾತ್ರವಲ್ಲ, ತಿರುಗುತ್ತಲೂ ಸಡಿಲಾಗುತ್ತದೆಂದು ತೋರಿಸಿದ್ದರು. 1972ರಲ್ಲಿ ಟೊರಾಂಟೋದ ಗಾಲ್ವೇ ಮತ್ತು ಮ್ಯಾಕಿಂಟಾಷ್ ‘ಪಿವಟ್ ಶಿಫ್ಟ್’ ಎಂಬ ಲಕ್ಷಣವನ್ನು ವರ್ಣಿಸಿದರು. ಕಾಲನ್ನು ಚಾಚಿಸಿ, ಪಾದವನ್ನು ಒಳಕ್ಕೆ ತಿರುಗಿಸಿ ಹಿಡಿದು, ಮಂಡಿಯನ್ನು ಹೊರಗಿನಿಂದ ಒಳಕ್ಕೆ ಒತ್ತುತ್ತ ಮೆಲ್ಲನೆ ಮಡಿಸುತ್ತ ಹೋಗುವುದು. ಇಪ್ಪತ್ತರಿಂದ ನಲವತ್ತು ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ಕೈಗೆ ‘ಧಡಕ್’ ಎಂದು ತಿಳಿಯುತ್ತದೆ. ಮಲಗಿದವರು, ‘ಇದೇ, ಇದೇ!’ ಎಂದು ಎದ್ದು ಕೂರುತ್ತಾರೆ. ಎರಡನೆಯ ಸಲ ಮಾಡಗೊಡುವುದಿಲ್ಲ. ಕ್ಷಕಿರಣದಲ್ಲಿ ಕಾಣದ, ನಿಂತಾಗ ಕಾಣದ, ನೇರ ಎಳೆದರೆ ಕಾಣದ ಒಂದು ದೋಷವನ್ನು ವೈದ್ಯನ ಕೈಯಲ್ಲಿ ಮತ್ತೆ ನಡೆಸಿ ತೋರಿಸುವ ಪರೀಕ್ಷೆ ಇದು.

ಇವೆಲ್ಲದರ ಹೆಸರು ನನಗೆ 1984ರಲ್ಲಿ ಗೊತ್ತಿರಲಿಲ್ಲವೆಂದಲ್ಲ. ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ, ಕೈಯಿಂದ ಮಾಡಿರಲಿಲ್ಲ. ಮಾರನೆಯ ವರ್ಷ ಅವರು ಮತ್ತೆ ಬಂದರು. ಈ ಸಲ ಮಂಡಿ ಬೀಗ ಬಿದ್ದಂತೆ ಮಡಿದಲ್ಲೇ ನಿಂತಿತ್ತು. ಒಂದು ತಿರುಗಾಟದುದ್ದಕ್ಕೂ ಜಾರಿ ಜಾರಿ, ಒಳಬದಿಯ ಅರ್ಧಚಂದ್ರ ಉದ್ದಕ್ಕೆ ಸೀಳಿ, ಬಕೆಟ್ಟಿನ ಹಿಡಿಯಂತೆ ಎದ್ದು ಕೀಲಿನ ನಡುವೆ ಸಿಕ್ಕಿಕೊಂಡಿತ್ತು. ಅರಿವಳಿಕೆ ಕೊಟ್ಟ ಮೇಲೆ, ಸ್ನಾಯುಗಳೆಲ್ಲ ಸಡಿಲಾದಾಗ, ಪುಸ್ತಕದಲ್ಲಿ ಹೇಳಿದಂತೆ ಕಾಲನ್ನು ತಿರುಗಿಸಿ ಮಡಿಸಿದೆ. ಧಡಕ್ಕೆಂದಿತು. ಅಂದು ಹರಿದ ಅರ್ಧಚಂದ್ರವನ್ನು ತೆಗೆದುಹಾಕಿದೆ. ಆ ಕಾಲದಲ್ಲಿ ಅದೇ ರೂಢಿ. ಈಗ ಸಾಧ್ಯವಾದಷ್ಟು ಹೊಲಿದು ಉಳಿಸಿಕೊಳ್ಳುತ್ತೇವೆ, ಏಕೆಂದರೆ ಅದು ಹೋದ ಮಂಡಿ ಇನ್ನಷ್ಟು ಜಾರುತ್ತದೆ, ಬೇಗ ಸವೆಯುತ್ತದೆ.

ಇನ್ನು ಚಿಕಿತ್ಸೆಯ ವಿಚಾರ. ಒಳಬದಿಯ ನಾರು ಕೀಲಿನ ಹೊರಗಿರುವುದರಿಂದ ಹರಿದರೂ ಬಹುಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ. ನಡುವಿನ ಕತ್ತರಿನಾರು ಕೀಲುದ್ರವದಲ್ಲಿ ಮುಳುಗಿದೆ. ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲಲಾರದು, ಸೇತುವೆ ಕಟ್ಟಲು ಆಧಾರವೇ ಇಲ್ಲ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಮೇಯೋ ರಾಬ್ಸನ್ ಗಣಿಕೆಲಸಗಾರನೊಬ್ಬನ ಕತ್ತರಿನಾರುಗಳನ್ನು ಹೊಲಿದರು. ಆತ ಕೆಲಸಕ್ಕೆ ಮರಳಿದ. ಆದರೆ ಬರಿಯ ಹೊಲಿಗೆ ಬಹುಪಾಲು ಜನರಲ್ಲಿ ನಿಲ್ಲಲಿಲ್ಲ. 1917ರಲ್ಲಿ ಬ್ರಿಸ್ಟಲಿನ ಹೇ ಗ್ರೋವ್ಸ್ ತೊಡೆಯ ಹೊರಬದಿಯ ನಾರುಪಟ್ಟಿಯಿಂದ ಒಂದು ಎಳೆಯನ್ನು ಕೀಲಿನೊಳಗೆ ಹಾಯಿಸಿ ಹೊಸ ನಾರನ್ನೇ ಕಟ್ಟಿದರು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ತೊಡೆಯ ಹಿಂದಿನ ಸ್ನಾಯುರಜ್ಜು ಮುಂತಾದುವು ಮುಂದೆ ಬಂದವು. ನಡುವೆ ಒಂದು ಕಾಲ ಇಂಗಾಲದ ಎಳೆ, ಪ್ಲಾಸ್ಟಿಕ್ಕಿನ ಹಗ್ಗಗಳ ಮೋಹವೂ ಹತ್ತಿತ್ತು. ಅವು ಸವೆದು, ಪುಡಿಯಾಗಿ, ಕೀಲಿನ ಪೊರೆಯನ್ನು ಕೆರಳಿಸಿದುವು. ಆ ಉತ್ಸಾಹ ಬೇಗ ಇಳಿಯಿತು.

ಇಲ್ಲಿಂದ ಮುಂದಿನ ಕಥೆಯಲ್ಲಿ ನನಗೆ ಒಂದು ತಮಾಷೆ ಕಾಣುತ್ತದೆ. ತಿರುಗುವುದನ್ನು ತಡೆಯಬೇಕಾದರೆ ಹೊರ ಅಂಚಿನಲ್ಲಿ ಹಿಡಿಯಬೇಕು ಎಂಬುದನ್ನು ಹಿಂದಿನವರು ಕಂಡುಕೊಂಡಿದ್ದರು. ಬೀಸುಗಲ್ಲಿನ ಹಿಡಿಯನ್ನು ಗೂಟದ ಪಕ್ಕದಲ್ಲಿ ಯಾರೂ ನೆಡುವುದಿಲ್ಲ. ಅಂಚಿನಲ್ಲಿ ನೆಡುತ್ತಾರೆ, ಕಡಿಮೆ ಬಲಕ್ಕೆ ಕಲ್ಲು ಕೇಳುತ್ತದೆ. ಫ್ರಾನ್ಸಿನ ಮಾರ್ಸೆಲ್ ಲೆಮೇರ್ 1967ರಲ್ಲಿ, ಮ್ಯಾಕಿಂಟಾಷ್ ಅದರ ಆಸುಪಾಸಿನಲ್ಲಿ, ಹೊರಬದಿಯ ನಾರುಪಟ್ಟಿಯಿಂದ ಒಂದು ಎಳೆಯನ್ನು ಬಿಡಿಸಿ, ಹಿಂದಕ್ಕೆ ತಿರುಗಿಸಿ ತೊಡೆಯೆಲುಬಿಗೆ ಕಟ್ಟಿ, ಕೀಲನ್ನು ತೆರೆಯದೆಯೇ ಜಾರುವುದನ್ನು ತಡೆಯಲು ಯತ್ನಿಸಿದರು. ಆದರೆ ಗೂಟವಿಲ್ಲದ ಕಲ್ಲನ್ನು ಹಿಡಿಯೊಂದರಿಂದಲೇ ಎಷ್ಟು ದಿನ ನಿಲ್ಲಿಸಲಾದೀತು? ಆ ಕಟ್ಟುಗಳು ಕಾಲಕ್ರಮದಲ್ಲಿ ಸಡಿಲಾದುವು. ಅಷ್ಟರಲ್ಲಿ ಸಣ್ಣ ರಂಧ್ರದಿಂದ ಕೀಲಿನೊಳಗೆ ನೋಡುವ ದರ್ಶಕ ಬಂತು. ಟೋಕಿಯೋದ ಟಕಾಗಿ 1918ರಲ್ಲಿಯೇ ಶವದ ಮಂಡಿಯೊಳಗೆ ಮೂತ್ರಕೋಶದ ದರ್ಶಕವನ್ನಿಟ್ಟು ನೋಡಿದ್ದರು. ಅವರ ಶಿಷ್ಯ ವಾತಾನಾಬೆ ಆ ವಿದ್ಯೆಯನ್ನು ಬೆಳೆಸಿದರು. 1980ರಲ್ಲಿ ಇಂಗ್ಲೆಂಡಿನ ಡೇವಿಡ್ ಡ್ಯಾಂಡಿ ಅದರ ಮೂಲಕವೇ ಕತ್ತರಿನಾರನ್ನು ಕಟ್ಟಿದರು. ಎಲ್ಲರ ಕಣ್ಣೂ ಕೀಲಿನ ನಡುವಿನ ಗೂಟದ ಮೇಲೆ ನೆಟ್ಟಿತು. ಹೊರ ಅಂಚನ್ನು ಮರೆತರು.

ಗೂಟವನ್ನಾದರೂ ಸರಿಯಾದ ಜಾಗದಲ್ಲಿ ನೆಟ್ಟರೆ? ಅದೂ ಇಲ್ಲ. ಕೊರೆಯಲು ಅನುಕೂಲವೆಂದು ಬಹಳ ಮಂದಿ, ಅವರಲ್ಲಿ ನಾನೂ ಒಬ್ಬ, ಹೊಸ ನಾರನ್ನು ಮೂಲದಷ್ಟು ಓರೆಯಾಗಿ ಇಡದೆ ನೆಟ್ಟಗೆ ಇಡುತ್ತಿದ್ದೆವು. ಎಳೆದು ನೋಡಿದರೆ ಮಂಡಿ ಬಿಗಿ, ನಮಗೆ ಸಂತೋಷ. ರೋಗಿ ಮೈದಾನಕ್ಕಿಳಿದು ತಿರುಗಿದರೆ ಹಳೆಯ ದೂರು. ಕಂಬಕ್ಕೆ ಒತ್ತಾಗಿ ನೆಟ್ಟಗೆ ಇಳಿಬಿಟ್ಟ ಹಗ್ಗ ಚಪ್ಪರ ತಿರುಚುವುದನ್ನು ತಡೆಯುವುದಿಲ್ಲವೆಂಬುದು ಚಪ್ಪರ ಹಾಕುವ ಹುಡುಗರಿಗೂ ಗೊತ್ತು. ಈಗ ನಾರನ್ನು ಹುಟ್ಟಿದ ಜಾಗದಲ್ಲಿಯೇ, ಹುಟ್ಟಿದ ಓರೆಯಲ್ಲಿಯೇ ಕಟ್ಟುವುದು ವಾಡಿಕೆಯಾಗಿದೆ.

ಮರೆತ ಹೊರ ಅಂಚು ಮತ್ತೆ ನೆನಪಾದದ್ದು 2013ರಲ್ಲಿ. ಬೆಲ್ಜಿಯಮ್ಮಿನ ಲೂವೆನ್ ನಗರದ ಸ್ಟೀವನ್ ಕ್ಲಾಸ್ ಮತ್ತು ಸಂಗಡಿಗರು 41 ಮಂಡಿಗಳನ್ನು ಛೇದಿಸಿ ನೋಡಿ, 40ರಲ್ಲಿ ಮುಂಭಾಗದ ಹೊರಬದಿಯಲ್ಲಿ ಓರೆಯಾಗಿ ಇಳಿಯುವ ಒಂದು ಕಟ್ಟುನಾರನ್ನು ಸ್ಪಷ್ಟವಾಗಿ ವರ್ಣಿಸಿದರು. ಮನುಷ್ಯನ ದೇಹದಲ್ಲಿ ಹೊಸ ಅಂಗವೊಂದು ಸಿಕ್ಕಿತೆಂದು ಪತ್ರಿಕೆಗಳು ಬರೆದವು. ವಾಸ್ತವವಾಗಿ ಪ್ಯಾರಿಸಿನ ಪಾಲ್ ಸೆಗೋಂಡ್ 1879ರಲ್ಲಿಯೇ, ಕ್ಷಕಿರಣವೆಂಬುದೇ ಇಲ್ಲದ ದಿನಗಳಲ್ಲಿ, ಶವಗಳ ಮಂಡಿಯನ್ನು ಬಲವಾಗಿ ಒಳಕ್ಕೆ ತಿರುಚಿದಾಗ ಕಣಕಾಲಿನ ಮೂಳೆಯ ಹೊರ ಅಂಚಿನಿಂದ ಒಂದು ಚಕ್ಕೆ ಕಿತ್ತುಬರುವುದನ್ನೂ, ಅದಕ್ಕೆ ಅಂಟಿಕೊಂಡ ಮುತ್ತಿನ ಹೊಳಪಿನ ನಾರನ್ನೂ ಕಂಡು ಬರೆದಿದ್ದ. ಇದು ಸ್ವತಂತ್ರ ನಾರೋ, ಕೀಲಿನ ಹೊದಿಕೆಯ ಮಡಿಕೆಯೋ, ಕಾವಲಿನ ಹೆಚ್ಚಿನ ಪಾಲು ನಾರುಪಟ್ಟಿಯ ಒಳಪದರದ್ದೋ ಎಂಬ ಜಗಳ ವಿದ್ವಾಂಸರಲ್ಲಿ ನಡೆದೇ ಇದೆ. ರೋಗಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಅವನಿಗೆ ಬೇಕಾದ ಉತ್ತರ 2020ರಲ್ಲಿ ಬಂತು. ಕೆನಡಾ ಮತ್ತು ಯೂರೋಪಿನ ಕೆಲವು ಕೇಂದ್ರಗಳಲ್ಲಿ ಅಲನ್ ಗೆಟ್‌ಗುಡ್ ಮತ್ತು ಸಂಗಡಿಗರು 14ರಿಂದ 25 ವರ್ಷದ 618 ಮಂದಿ ತರುಣ ತರುಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಡುವಿನ ನಾರನ್ನು ಮಾತ್ರ ಕಟ್ಟಿದರು. ಇನ್ನೊಂದಕ್ಕೆ ಅದರ ಜೊತೆಗೆ ಲೆಮೇರನ ಹಳೆಯ ಹೊರಗಟ್ಟನ್ನೂ ಸೇರಿಸಿದರು. ಎರಡು ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ ನೂರಕ್ಕೆ 11 ಮಂದಿಯ ಹೊಸ ನಾರು ಮತ್ತೆ ಹರಿಯಿತು, ಎರಡನೆಯದರಲ್ಲಿ 4. ಗೂಟವೂ ಬೇಕು, ಹಿಡಿಯೂ ಬೇಕು. ಎಲ್ಲರಿಗೂ ಅಲ್ಲ, ಎಳೆಯ ವಯಸ್ಸಿನವರಿಗೆ, ತಿರುಗುವ ಆಟಗಳಿಗೆ ಮರಳುವವರಿಗೆ, ಮಂಡಿ ವಿಪರೀತ ಜಾರುವವರಿಗೆ. ಅನಗತ್ಯವಾಗಿ ಕಟ್ಟಿ ಬಿಗಿದರೆ ಕೀಲಿನ ಸಹಜ ತಿರುಗುವಿಕೆಗೇ ಅಡ್ಡಿಯಾದೀತು.

ಇಷ್ಟು ಹೇಳಿದ ಮೇಲೆ ನಾರು ಹರಿದವರೆಲ್ಲ ನಾಳೆಯೇ ಶಸ್ತ್ರಕ್ರಿಯೆಗೆ ಓಡಬೇಕೆಂದು ಯಾರೂ ಭಾವಿಸಬಾರದು. 2010ರಲ್ಲಿ ಸ್ವೀಡನ್ನಿನಿಂದ ಪ್ರಕಟವಾದ ಅಧ್ಯಯನವೊಂದು 121 ಮಂದಿ ಚಟುವಟಿಕೆಯ ತರುಣರನ್ನು ಪರಿಶೀಲಿಸಿತು. ಅರ್ಧದಷ್ಟು ಮಂದಿಗೆ ಬೇಗನೆ ಶಸ್ತ್ರಕ್ರಿಯೆ. ಉಳಿದವರಿಗೆ ಕ್ರಮಬದ್ಧ ವ್ಯಾಯಾಮ, ಬೇಕಾದರೆ ಮಾತ್ರ ಮುಂದೆ ಶಸ್ತ್ರಕ್ರಿಯೆ. ಎರಡು ವರ್ಷಗಳ ಬಳಿಕ ಎರಡೂ ಗುಂಪಿನವರು ತಮ್ಮ ಮಂಡಿಯ ಬಗ್ಗೆ ಕೊಟ್ಟ ಅಂಕಗಳಲ್ಲಿ ವ್ಯತ್ಯಾಸವಿರಲಿಲ್ಲ. ಐದು ವರ್ಷಗಳಲ್ಲಿ ಎರಡನೆಯ ಗುಂಪಿನ ಸುಮಾರು ಅರ್ಧ ಜನ ಕೊನೆಗೂ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಇನ್ನರ್ಧ ಜನಕ್ಕೆ ಅದು ಬೇಕಾಗಲಿಲ್ಲ. ತೊಡೆಯ ಸ್ನಾಯುಗಳನ್ನು ಬಲಪಡಿಸಿ, ಒಂಟಿಕಾಲಿನಲ್ಲಿ ಸಮತೋಲ ಕಲಿತು, ಮಂಡಿಯನ್ನು ಒಳಕ್ಕೆ ಬಾಗಗೊಡದೆ ಇಳಿಯುವುದನ್ನು ರೂಢಿಸಿಕೊಂಡರೆ, ಮೇಜಿನ ಕೆಲಸದ ಗೃಹಸ್ಥರೊಬ್ಬರು ಹರಿದ ನಾರಿನೊಡನೆಯೇ ಬಾಳಬಲ್ಲರು. ನನ್ನ ಹಳೆಯ ರೋಗಿಗಳಲ್ಲಿ ಅಂಥ ಗುಮಾಸ್ತರು, ಮೇಷ್ಟರು ಹಲವರಿದ್ದಾರೆ. ಕಬಡ್ಡಿ ಆಡುವ ಹುಡುಗನಿಗೆ, ದಿಗಿಣ ಹಾಕುವವನಿಗೆ ಈ ಮಾತು ಹೇಳಲಾರೆ. ವ್ಯಾಯಾಮ ಮಾಡಿದರೂ ಜಾರುವುದು ನಿಲ್ಲದಿದ್ದರೆ ಕಾಯುವುದು ಅಪಾಯ. ಪ್ರತಿಯೊಂದು ಜಾರೂ ಮೃದ್ವಸ್ಥಿಯ ಮೇಲೆ ಬರೆ ಎಳೆಯುತ್ತದೆ.

ಶಸ್ತ್ರಕ್ರಿಯೆಯ ಬಳಿಕದ ತಾಳ್ಮೆ ಅದಕ್ಕಿಂತ ಕಷ್ಟದ್ದು. ಕಟ್ಟಿದ ಹೊಸ ನಾರು ಮೊದಲ ದಿನ ಗಟ್ಟಿಯಾಗಿರುತ್ತದೆ. ರಕ್ತಸಂಚಾರವಿಲ್ಲದೆ ಅದರ ಜೀವಕೋಶಗಳು ಸಾಯುತ್ತವೆ. ವಾರಗಳು ಕಳೆದಂತೆ ಅದು ಬಲ ಕಳೆದುಕೊಂಡು, ಅನಂತರ ಹೊಸ ರಕ್ತನಾಳಗಳು ಹಬ್ಬಿ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತದೆ. ವಿಪರ್ಯಾಸವೇನೆಂದರೆ, ಊತವಿಳಿದು ರೋಗಿಗೆ ಹುಮ್ಮಸ್ಸು ಬರುವ ಹೊತ್ತಿನಲ್ಲಿಯೇ ನಾರು ತೀರ ದುರ್ಬಲವಾಗಿರುತ್ತದೆ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರಳಿ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ನಮ್ಮ ಊರುಗಳಲ್ಲಿ ಒಂಬತ್ತು ತಿಂಗಳು ಮೈದಾನದ ಹೊರಗೆ ಕೂರುವ ಹುಡುಗನಿಗೆ ತಂಡದಲ್ಲಿ ಜಾಗ ಉಳಿಯುವುದಿಲ್ಲ, ಅವನು ಮೇಳದವನಾದರೆ ಒಂದು ಇಡೀ ತಿರುಗಾಟದ ಸಂಬಳ ಹೋಗುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಔಷಧವಿಲ್ಲ.

ನಮ್ಮವರಿಗೆ ಇನ್ನೊಂದು ಮಾತು ಮುಖ್ಯ. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನಿಂದ ತೆಗೆದ ನಾರು ಬಲವಾದದ್ದು. ಆದರೆ ಮಂಡಿಯೂರುವಾಗ ನೋವು ಉಳಿಯುವುದುಂಟು. ಕುರ್ಚಿಯಲ್ಲಿಯೇ ಬಾಳು ಕಳೆಯುವ ದೇಶದವರಿಗೆ ಇದು ಸಣ್ಣ ಸಂಗತಿ. ನಟ್ಟಿಗದ್ದೆಯವರಿಗೆ, ನಮಾಜು ಮಾಡುವವರಿಗೆ, ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಸುತ್ತುವ ವೇಷಧಾರಿಗೆ ಅದು ಸಣ್ಣದಲ್ಲ. ಯಾವ ನಾರು ಬೇಕೆಂದು ತೀರ್ಮಾನಿಸುವ ಮುನ್ನ ವೈದ್ಯರು ನೀವು ನೆಲದ ಮೇಲೆ ಹೇಗೆ ಕೂರುತ್ತೀರೆಂದು ಕೇಳದಿದ್ದರೆ, ನೀವೇ ಹೇಳಿ. ಮಂಡಿಗೆ ಪೆಟ್ಟಾದಾಗ ‘ಟಪ್’ ಎಂದಿದ್ದರೆ, ಒಂದೆರಡು ಗಂಟೆಯೊಳಗೆ ಊದಿಕೊಂಡಿದ್ದರೆ, ಆಮೇಲೆ ತಿರುಗುವಾಗ ಜಾರುತ್ತಿದ್ದರೆ, ಮೂಳೆ ಮುರಿದಿಲ್ಲವೆಂಬ ಸಮಾಧಾನಕ್ಕೆ ಒಪ್ಪಬೇಡಿ. ಕ್ಷಕಿರಣದಲ್ಲಿ ನಾರು ಕಾಣುವುದಿಲ್ಲ. ಈಗ ಎಂ.ಆರ್.ಐ. ಚಿತ್ರದಲ್ಲಿ ಕಾಣುತ್ತದೆ, ಆದರೂ ಅದು ಮಲಗಿದ ಮಂಡಿಯ ಚಿತ್ರ, ತಿರುಗುವ ಮಂಡಿಯದಲ್ಲ.

ಆ ಕಲಾವಿದರು ಮುಂದೆ ಕಾಲಿಗೆ ಗೆಜ್ಜೆ ಕಟ್ಟಲಿಲ್ಲ. ಅಂದು ನಮ್ಮಲ್ಲಿ ಕಟ್ಟುನಾರನ್ನು ಕಟ್ಟಿಕೊಡುವವರಿರಲಿಲ್ಲ. ದೂರದ ಊರಿಗೆ ಹೋಗುವ ಶಕ್ತಿ ಅವರಿಗಿರಲಿಲ್ಲ. ಅವರು ತಾಳಮದ್ದಳೆಯ ಅರ್ಥಧಾರಿಯಾದರು. ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಕಲೆಯಲ್ಲಿ ಹೆಸರನ್ನೂ ಮಾಡಿದರು. ನಿವೃತ್ತನಾದ ಮೇಲೆ ಒಂದು ರಾತ್ರಿ ಅವರ ಕರ್ಣನ ಅರ್ಥ ಕೇಳಲು ಹೋಗಿದ್ದೆ. ಭಾಗವತರೂ ಉಳಿದ ಅರ್ಥಧಾರಿಗಳೂ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಅವರೊಬ್ಬರು ಮಾತ್ರ ಕುರ್ಚಿಯಲ್ಲಿ, ಬಲಗಾಲನ್ನು ಮುಂದಕ್ಕೆ ಚಾಚಿಕೊಂಡು. ಪ್ರಸಂಗ ಮುಗಿದ ಮೇಲೆ ಹತ್ತಿರ ಹೋಗಿ ಮಂಡಿ ಹೇಗಿದೆಯೆಂದು ಕೇಳಿದೆ. ಅವರು ಕಾಲನ್ನು ಸವರಿಕೊಂಡು ನಕ್ಕರು. “ಈಗ ಜಾರುವುದಿಲ್ಲ ಡಾಕ್ಟ್ರೇ. ತಿರುಗುವುದೇ ಇಲ್ಲವಲ್ಲ.”